ಗೋದಲಿಯಲ್ಲಿ ಹಿಟ್ಟು

ತಪ್ಪು ನನ್ನದೇ. ಚರ್ಚಿನಲ್ಲಿ ಪಾಪನಿವೇದನೆಗೆ ಹೋದಾಗ ಜಾಣರು ಸಣ್ಣಪುಟ್ಟ ಪಾಪಗಳನ್ನೆಲ್ಲ ಮುಂದೆ ಹರಡಿ, ದೊಡ್ಡದೊಂದನ್ನು ಕೊನೆಯಲ್ಲಿ ಕೆಮ್ಮಿನ ನಡುವೆ ಹೇಳಿ ಮುಗಿಸುತ್ತಾರೆ. ಆ ವಿದ್ಯೆಯಲ್ಲಿ ನಾನೂ ಪಳಗಿದವನೇ. ಆದರೆ ನಿಮ್ಮೆದುರು ಕೆಮ್ಮಿ ಪ್ರಯೋಜನವಿಲ್ಲ, ಕಾಗದದ ಮೇಲೆ ಕೆಮ್ಮು ಕೇಳಿಸುವುದಿಲ್ಲ. ಅದಕ್ಕೇ ದೊಡ್ಡದನ್ನೇ ಮೊದಲು ಹೇಳಿಬಿಡುತ್ತೇನೆ. ಮೂವತ್ತು ವರ್ಷ ಶುಭಸಂದೇಶ, ಅಂದರೆ ಯೇಸುಸ್ವಾಮಿಯ ಕತೆ, ಓದಿದ ಒಬ್ಬ ಹಿರಿಯರ ಕೈಯಿಂದ ಆ ಪುಸ್ತಕವನ್ನು ಕೆಳಗಿಡಿಸಿದವನು ನಾನು. ಅದೂ ಜಗಳವಾಡಿ ಅಲ್ಲ, ಊರವರನ್ನೆಲ್ಲ ನಗಿಸಿ.

ಮೊನ್ನೆ ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುತ್ತಿದ್ದಾಗ ಬಸ್ಸಿನ ಕಂಡಕ್ಟರು ‘ಸ್ಟಾಪು ಬಂತು, ಹಿಳೀರಿ ಹಿಳೀರಿ’ ಎಂದ. ಇಳಿಯಬೇಕಾದವರೆಲ್ಲ ಇಳಿದರು. ಅವರಲ್ಲಿ ನಾನೂ ಒಬ್ಬನಾಗಬೇಕಿತ್ತು. ಆದರೆ ಆ ‘ಹಿಳೀರಿ’ ಕಿವಿಗೆ ಬಿದ್ದ ಕ್ಷಣದಿಂದ ನಾನು ಬಸ್ಸಿನಲ್ಲೇ ಇರಲಿಲ್ಲ. ಉಪದೇಶಿ ಇನ್ನಾಸಪ್ಪನವರ ಪಕ್ಕದಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿದ್ದೆ. ಎಚ್ಚರವಾಗುವ ಹೊತ್ತಿಗೆ ನನ್ನ ಸ್ಟಾಪು ಎರಡು ಮೈಲಿ ಹಿಂದೆ ಉಳಿದಿತ್ತು. ಅಷ್ಟು ದೂರ ಬಿಸಿಲಲ್ಲಿ ವಾಪಸು ನಡೆದವನಿಗೆ ನೆನಪು ಮಾಡಿಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಾದರೂ ಏನಿತ್ತು?

ನಮ್ಮ ಸೀಮೆಯವರಿಗೂ ಹಕಾರಕ್ಕೂ ಅಷ್ಟಕ್ಕಷ್ಟೆ. ಹಾಲು ನಮ್ಮಲ್ಲಿ ಆಲು, ಹೆಂಡತಿ ಎಂಡ್ತಿ. ಹುಲಿ ಬಂದರೂ ಅದು ಉಲಿಯೇ, ಕಚ್ಚುವುದರಲ್ಲಿ ಮಾತ್ರ ಏನೂ ಕಡಿಮೆಯಿಲ್ಲ. ಇನ್ನಾಸಪ್ಪನವರೂ ಮಾತಿಗೆ ನಿಂತರೆ ನಮ್ಮ ಹಾಗೇ. ಆದರೆ ಶುಭಸಂದೇಶದ ಪುಸ್ತಕ ತೆರೆದರೆಂದರೆ, ವಾರವಿಡೀ ನಾವೆಲ್ಲ ಸೇರಿ ಉದುರಿಸಿದ ಹಕಾರಗಳನ್ನು ಹಿಂದೆಯೇ ಬಂದು ಆಯ್ದುಕೊಂಡವರಂತೆ, ಬೇಕಾದ ಕಡೆ ಬೇಡದ ಕಡೆ ಎಲ್ಲ ಅಂಟಿಸುತ್ತ ಹೋಗುತ್ತಿದ್ದರು. ಇರುವ ಹಕಾರವನ್ನು ಬಿಡುತ್ತಿರಲಿಲ್ಲ, ಇಲ್ಲದ ಕಡೆ ಸುಮ್ಮನೆ ದಾಟುತ್ತಲೂ ಇರಲಿಲ್ಲ. ಒಡೆಯ ಅವರ ಬಾಯಲ್ಲಿ ಹೊಡೆಯನಾಗುತ್ತಿದ್ದ. ‘ದ್ರಾಕ್ಷಿತೋಟದ ಹೊಡೆಯ ಬಂದನು’ ಎಂದು ಓದಿದಾಗ ಮುಂದಿನ ಸಾಲಿನ ಮಕ್ಕಳು ಒಂದು ಗೇಣು ಹಿಂದೆ ಸರಿದು ಕೂರುತ್ತಿದ್ದವು.

ಉಪದೇಶಿ ಎಂದರೆ ಯಾರು ಎಂದು ನಮ್ಮವರಲ್ಲದವರಿಗೆ ಹೇಳಬೇಕು. ನಮ್ಮ ಸ್ವಾಮಿಗಳು, ಅಂದರೆ ಚರ್ಚಿನ ಫಾದರು, ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಅವರ ಪಾಲಿಗೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲವೂ ಸೇರಿತ್ತು. ಅಲ್ಲೊಬ್ಬರು ನರ್ಸು, ಇಲ್ಲೊಬ್ಬರು ಮೇಷ್ಟ್ರು, ಇನ್ನೊಂದು ಕಡೆ ಸಕ್ಕರೆ ಕಾರ್ಖಾನೆಯ ಕೆಲಸಗಾರರ ನಾಲ್ಕು ಮನೆ, ಹೀಗೆ ಉದುರಿದ ಕಾಳಿನಂತೆ ನಮ್ಮ ಜನ. ಇರುವ ಒಂದು ಭಾನುವಾರದಲ್ಲಿ ಒಬ್ಬ ಸ್ವಾಮಿಗಳು ನಾಲ್ಕು ಕಡೆ ಇರಲಾದೀತೆ? ಅವರು ಬರಲಾಗದ ಕಡೆ ಉಪದೇಶಿ ಹೋಗಿ ಪ್ರಾರ್ಥನೆ ನಡೆಸಿ, ಆ ವಾರದ ಶುಭಸಂದೇಶ ಓದಿ, ನಾಲ್ಕು ಮಾತು ಹೇಳಿ ಬರಬೇಕು. ಇನ್ನಾಸಪ್ಪನವರು ಬಟ್ಟೆಯ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಮೂವತ್ತು ವರ್ಷ ಆ ಬಸ್ಸುಗಳಲ್ಲಿ ಓಡಾಡಿದವರು.

ಇನ್ನು ನಾನು. ಹೆಸರು ರಾಯಪ್ಪ. ಯೇಸುಸ್ವಾಮಿಯ ಶಿಷ್ಯರಲ್ಲಿ ಮೊದಲನೆಯವನಾದ ಪೇತ್ರನಿಗೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಹೆಸರು ಅದು. ಆಗ ಬಿ.ಎ. ಓದುತ್ತಿದ್ದೆ, ಅಂದರೆ ಓದುತ್ತಿರಲಿಲ್ಲ. ಬರುತ್ತಿದ್ದದ್ದು ಎರಡೇ ವಿದ್ಯೆ: ಹಾರ್ಮೋನಿಯಂ ಒತ್ತುವುದು, ಕಂಡಕಂಡವರ ದನಿ ತೆಗೆಯುವುದು. ಸ್ವಾಮಿಗಳ ಸೀನು, ನಮ್ಮವ್ವ ಕೋಳಿ ಕರೆಯುವುದು, ಪ್ರಿನ್ಸಿಪಾಲರ ಇಂಗ್ಲಿಷು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಒಮ್ಮೆ ದೇವಲಾಪುರದ ಪ್ರಾರ್ಥನೆ ಉದ್ದವಾಯಿತೆಂದು ಬಾಯಲ್ಲೇ ನಾಗಮಂಗಲದ ಬಸ್ಸಿನ ಹಾರನ್ನು ಮಾಡಿ ಅರ್ಧ ಸಭೆಯನ್ನು ರಸ್ತೆಗೆ ಓಡಿಸಿದ್ದೆ. ಅವರ ಹಿಂದೆಯೇ ನಿಜವಾದ ಬಸ್ಸು ಬಂದು ಹೋಯಿತು. ಓಡಿದವರೆಲ್ಲ ಅದನ್ನು ಹತ್ತಿಬಿಟ್ಟರು. ಉಳಿದವರನ್ನು ವಾಪಸು ಕೂರಿಸುವ ಗಡಿಬಿಡಿಯಲ್ಲಿ ಅದನ್ನು ತಪ್ಪಿಸಿಕೊಂಡವನು ನಾನು. ಇನ್ನಾಸಪ್ಪನವರ ಜೊತೆ ನಾನು ಹೋಗುತ್ತಿದ್ದದ್ದು ಭಕ್ತಿಯಿಂದ ಎಂದು ನಮ್ಮವ್ವ ನಂಬಿದ್ದಳು. ಪಾಂಡವಪುರದ ಗಾಯನವೃಂದದಲ್ಲಿ ಎರಡನೇ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಆ ಹುಡುಗಿಗೂ ಗೊತ್ತಿರಲಿಲ್ಲ, ಆ ಮಾತು ಬೇರೆ.

ನಮ್ಮ ಚರ್ಚಿನ ವರ್ಷ ಯುಗಾದಿಗೂ ಶುರುವಾಗುವುದಿಲ್ಲ, ಜನವರಿಗೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ಒಂದು ಹಾಳೆ ಉಳಿದಿರುವಾಗಲೇ, ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲ ಎಂದು ಶುರುವಾಗಿಬಿಡುತ್ತದೆ. ಸ್ವಾಮಿಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಆ ಹೊತ್ತಿನ ಶುಭಸಂದೇಶದ ಸಾರ ಒಂದೇ: ಯಜಮಾನ ಯಾವ ಗಳಿಗೆಯಲ್ಲಿ ಬರುತ್ತಾನೋ ಗೊತ್ತಿಲ್ಲ, ಎಚ್ಚರವಾಗಿರಿ. ಇನ್ನಾಸಪ್ಪನವರ ಬಾಯಲ್ಲಿ ಅದು ‘ಹೆಚ್ಚರವಾಗಿರಿ’. ನಾನು ಹಾರ್ಮೋನಿಯಮ್ಮಿನ ಹಿಂದೆ ತಲೆ ತಗ್ಗಿಸಿ ನಗುತ್ತಿದ್ದೆ. ಆದರೆ ನಮ್ಮವ್ವ ಮನೆಗೆ ಬಂದು, ಎಚ್ಚರ ಅಂದರೆ ಒಂದು ಕಣ್ಣು ತೆರೆದಿರುವುದು, ಹೆಚ್ಚರ ಅಂದರೆ ಎರಡೂ, ಎಂದು ಅರ್ಥ ಹೇಳಿ ನನ್ನನ್ನು ಐದು ಗಂಟೆಗೇ ಎಬ್ಬಿಸತೊಡಗಿದಳು.

ಚರ್ಚಿನ ವರ್ಷದ ಕೊನೆಯ ಭಾನುವಾರದ್ದು ಇನ್ನೂ ಚೆಂದ. ಒಂದು ವರ್ಷ ಅಂದಿನ ಪಾಠ ಕೊನೆಯ ತೀರ್ಪಿನದಾಗಿತ್ತು. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಪ್ರಭು ಜನರನ್ನು ಬೇರೆ ಮಾಡಿ, ಒಳ್ಳೆಯವರನ್ನು ಬಲಗಡೆ, ಕೆಟ್ಟವರನ್ನು ಎಡಗಡೆ ನಿಲ್ಲಿಸುತ್ತಾನೆ ಎಂಬುದು. ಇನ್ನಾಸಪ್ಪನವರು ಪಾಂಡವಪುರದಲ್ಲಿ ಗಂಭೀರವಾಗಿ ಓದಿದರು: ಕುರಿಗಳನ್ನು ಬಲಗಡೆ, ಹಾಡುಗಳನ್ನು ಹೆಡಗಡೆ. ಓದಿ ತಲೆಯೆತ್ತಿ ಎಡಗಡೆ ನೋಡಿದರು. ಅಲ್ಲಿ ಗಾಯನವೃಂದ ನಿಂತಿತ್ತು. ಹಾಡುವವರೆಲ್ಲ ನರಕಕ್ಕೆ ಎಂದು ಉಪದೇಶಿಗಳೇ ಹೇಳಿದ ಮೇಲೆ ನಾವು ಯಾಕೆ ಹಾಡಬೇಕೆಂದು ಹುಡುಗಿಯರು ಕಾಣಿಕೆಯ ಹಾಡಿಗೆ ಬಾಯಿ ಬಿಡಲಿಲ್ಲ. ನಾನೊಬ್ಬನೇ ಹಾಡಿದೆ. ಆಡುಗಳ ಕಡೆ ನಿಲ್ಲಬೇಕಾದವನು ಯಾರೆಂದು ಅವತ್ತು ಸಭೆಗೆ ಖಚಿತವಾಯಿತು.

ಇನ್ನೊಂದು ವರ್ಷ ದೇವಲಾಪುರದಲ್ಲಿ ಜಕ್ಕಾಯನ ಕತೆ. ಕುಳ್ಳ ಮನುಷ್ಯ, ಗುಂಪಿನ ನಡುವೆ ಯೇಸುಸ್ವಾಮಿ ಕಾಣಿಸಲಿಲ್ಲವೆಂದು ಅತ್ತಿಮರ ಹತ್ತಿ ಕೂತವನು. ಉಪದೇಶಿಗಳು ಅವನನ್ನು ಹತ್ತಿಮರ ಹತ್ತಿಸಿದರು. ಹಾವೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ನರ್ಸಮ್ಮನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ತಮ್ಮೂರಿನ ಹತ್ತಿಗಿಡ ಸೊಂಟದುದ್ದ ಬಂದರೆ ಹೆಚ್ಚು, ಅದನ್ನು ಹತ್ತಿ ಅವನಿಗೇನು ಕಂಡೀತು ಎಂದು ಕೇಳಿದರು. ಇನ್ನಾಸಪ್ಪನವರು ಒಂದು ನಿಮಿಷ ಯೋಚಿಸಿ, ನೋಡಬೇಕೆನ್ನುವ ಆಸೆ ಇದ್ದವನಿಗೆ ಸೊಂಟದುದ್ದವೂ ಸಾಕು, ಇಲ್ಲದವನು ಕರಿಘಟ್ಟ ಬೆಟ್ಟದ ತುದಿಗೆ ಹೋದರೂ ಕಾಣುವುದಿಲ್ಲ ಎಂದರು. ನರ್ಸಮ್ಮ ತಲೆದೂಗಿದರು. ನಾನು ಮಾತ್ರ ಕತೆಯನ್ನು ಬಿಟ್ಟು ‘ಹತ್ತಿಮರ’ವನ್ನು ಮನೆಗೆ ತಂದೆ.

ನನ್ನ ಕಿವಿಯ ದೋಷವೇ ಅದು. ಮಾತು ಒಳಗೆ ಹೋಗುತ್ತಿರಲಿಲ್ಲ, ದನಿ ಮಾತ್ರ ಹೋಗುತ್ತಿತ್ತು.

ಈಗ ಹಿಟ್ಟಿನ ವಿಷಯಕ್ಕೆ ಬರುತ್ತೇನೆ. ಸಂತೆಬಾಚಹಳ್ಳಿ ಹತ್ತಿರ ತೆರೇಸಾ ಟೀಚರ್ ಎಂಬುವರು ಬೋರೇಗೌಡರ ಮನೆಯ ಒಂದು ಪಾಲಿನಲ್ಲಿ ಬಾಡಿಗೆಗಿದ್ದರು. ಸುತ್ತಲಿನ ಐದಾರು ಮನೆಯವರು ಪ್ರಾರ್ಥನೆಗೆ ಸೇರುತ್ತಿದ್ದದ್ದು ಅವರ ನಡುಮನೆಯಲ್ಲಿ. ಬೋರೇಗೌಡರು ಬೇಸಾಯಗಾರರು, ಎರಡು ಸೀಮೆಹಸು ಕಟ್ಟಿದ್ದವರು, ಅವರ ದೇವರುಗಳೇ ಬೇರೆ. ಆದರೂ ನಾವು ಕೂತ ಹೊತ್ತಿಗೆ ಸರಿಯಾಗಿ ಬಂದು ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಂಡು ಶುಭಸಂದೇಶ ಕೇಳುತ್ತಿದ್ದರು. ಹಾಡಿಗೆ ಅವರು ಕಿವಿ ಕೊಡುತ್ತಿರಲಿಲ್ಲ. ಉಪದೇಶಿಗಳು ಪುಸ್ತಕ ತೆರೆದರೆ ಮಾತ್ರ ಅಡಿಕೆ ಜಗಿಯುವುದು ನಿಲ್ಲುತ್ತಿತ್ತು.

ಕ್ರಿಸ್ಮಸ್ಸಿನ ಪಾಠ ನಿಮಗೂ ಗೊತ್ತಿರಬಹುದು. ಛತ್ರದಲ್ಲಿ ಜಾಗ ಸಿಗದೆ ಮರಿಯಮ್ಮನವರು ದನದ ಕೊಟ್ಟಿಗೆಯಲ್ಲಿ ಹೆತ್ತು, ಮಗುವನ್ನು ಬಟ್ಟೆಯಲ್ಲಿ ಸುತ್ತಿ, ದನಗಳು ಮೇವು ತಿನ್ನುವ ಗೋದಲಿಯಲ್ಲಿ ಇಟ್ಟು ಮಲಗಿಸಿದ್ದು. ‘ಗೋದಲಿಯಲ್ಲಿ ಹಿಟ್ಟು’ ಎಂದು ಇನ್ನಾಸಪ್ಪನವರು ಓದುತ್ತಿದ್ದರು. ನಮ್ಮ ಕಡೆ ಹಿಟ್ಟು ಎಂದರೆ ಬರೀ ಹಿಟ್ಟಲ್ಲ, ರಾಗಿಮುದ್ದೆ. ಒಂದು ಕ್ರಿಸ್ಮಸ್ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಬೋರೇಗೌಡರು ಬಾಳೆಎಲೆಯಲ್ಲಿ ಸುತ್ತಿದ, ಇನ್ನೂ ಹಬೆಯಾಡುವ ಎರಡು ಮುದ್ದೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

‘ವರ್ಸ ವರ್ಸ ಗೋದ್ಲೀಲಿ ಇಟ್ಟು ಇಟ್ಟು ಅಂತ ಓದ್ತೀರಿ,’ ಎಂದರು. ‘ಒಂದು ವರ್ಸನಾದ್ರೂ ಮಡಗಿದ್ದೀರಾ? ಬಾಣಂತಿ ಅಸ್ಕೊಂಡಿರಾಕಿಲ್ವಾ?’

ಬಿ.ಎ. ವಿದ್ಯಾರ್ಥಿಯಾದ ನಾನು ಮುಂದೆ ಬಂದೆ. ‘ಗೌಡ್ರೇ, ಅದು ಹಿಟ್ಟಲ್ಲ, ಇಟ್ಟು.’

‘ನಾನೂ ಅದ್ನೇ ಅಲ್ವೇನ್ಲಾ ಏಳ್ತಿರೋದು? ಇಟ್ಟು.’

‘ಅಲ್ಲ ಗೌಡ್ರೇ. ಇಟ್ಟು ಅಂದ್ರೆ ಮಡಗಿ ಅಂತ.’

‘ಊಂ. ಅದ್ಕೇ ತಂದಿವ್ನಿ, ಮಡಗು.’

ಬಿ.ಎ. ಅಲ್ಲಿಗೇ ಸೋತಿತು. ಇನ್ನಾಸಪ್ಪನವರು ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡು, ನಡುಮನೆಯಲ್ಲಿ ಕಟ್ಟಿದ್ದ ಪುಟ್ಟ ಗೋದಲಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದ್ದ ಮಣ್ಣಿನ ಬಾಲಯೇಸುವಿನ ಪಕ್ಕದಲ್ಲಿ ಮುದ್ದೆಗಳನ್ನು ಇಟ್ಟರು. ಆಮೇಲೆ ಅವರು ಹೇಳಿದ ಮಾತು ಯಾವ ದೊಡ್ಡ ಚರ್ಚಿನ ಪ್ರಸಂಗಕ್ಕೂ ಕಡಿಮೆಯಿರಲಿಲ್ಲ. ಸ್ವಾಮಿ ಹುಟ್ಟಿದ ಬೆತ್ಲೆಹೇಮ್ ಎಂಬ ಊರಿನ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥವಂತೆ. ರೊಟ್ಟಿ ತಿನ್ನುವವರ ನಡುವೆ ಹುಟ್ಟಿದ್ದಕ್ಕೆ ಆ ಹೆಸರು, ನಮ್ಮ ಕಡೆ ಹುಟ್ಟಿದ್ದರೆ ಆ ಊರು ಹಿಟ್ಟಿನಹಳ್ಳಿಯೇ ಆಗುತ್ತಿತ್ತು ಎಂದರು. ಬೋರೇಗೌಡರು ಜಗಲಿಯಿಂದ ‘ಮತ್ತೆ?’ ಎಂದು ನನ್ನ ಕಡೆ ನೋಡಿದರು. ಪ್ರಾರ್ಥನೆ ಮುಗಿದ ಮೇಲೆ ಆ ಮುದ್ದೆಗಳನ್ನು ಮುರಿದು ಎಲ್ಲರಿಗೂ ಪ್ರಸಾದದಂತೆ ಹಂಚಿದ್ದಾಯಿತು. ಸಾರಿಲ್ಲದೆ ಮುದ್ದೆ ನುಂಗಿದ್ದು ಜೀವನದಲ್ಲಿ ಅದೊಂದೇ ಸಲ.

ಇಷ್ಟೆಲ್ಲ ಕಣ್ಣಾರೆ ಕಂಡವನು ಸುಮ್ಮನಿರಬಾರದಿತ್ತೆ? ಜನವರಿಯಲ್ಲಿ ನಾಲ್ಕೂ ಕಡೆಯ ಕುಟುಂಬಗಳು ಪಾಂಡವಪುರದಲ್ಲಿ ಒಂದು ದಿನ ಕೂಡುವ ಪದ್ಧತಿಯಿತ್ತು. ಊಟ, ಆಟ, ಆಮೇಲೆ ಮನರಂಜನೆ. ಮನರಂಜನೆ ಎಂದರೆ ನಾನು. ಸ್ವಾಮಿಗಳ ಸೀನು ಮಾಡಿದೆ, ಸ್ವಾಮಿಗಳೇ ನಕ್ಕರು. ಕಂಡಕ್ಟರನ್ನು ಮಾಡಿದೆ. ಎರಡನೇ ಸಾಲಿನ ಹುಡುಗಿಯೂ ನಗುತ್ತಿದ್ದಾಳೆ ಎಂದು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಒಂದು ಪುಸ್ತಕ ತೆರೆದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡವನಂತೆ ಕತ್ತು ಚಾಚಿ, ಶುರು ಮಾಡಿದೆ: ‘ಹೊಬ್ಬ ಹೊಡೆಯನು ಹಾರು ಹಾಡುಗಳನ್ನು ಹಟ್ಟಿಕೊಂಡು ಹತ್ತಿಮರದ ಹಡಿಯಲ್ಲಿ ಹಿಟ್ಟು…’

ಮುಂದೆ ಹೇಳಲು ಜನ ಬಿಡಲಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಇನ್ನಾಸಪ್ಪನವರು ಅಡಿಗೆಯ ಕಡೆ ಕೊನೆಯ ಪಂಕ್ತಿಗೆ ಸಾರು ಬಡಿಸುತ್ತಿದ್ದವರು, ನಗುವಿನ ಸದ್ದು ಕೇಳಿ ಬಕೆಟ್ಟು ಹಿಡಿದೇ ಓಡಿಬಂದಿದ್ದರು. ಅವರಂತೂ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಬಕೆಟ್ಟು ಕೆಳಗಿಟ್ಟು, ಮುಂದೆ ಕೂತಿದ್ದ ಮೊಮ್ಮಗಳು ಲೂಸಿಯ ಹತ್ತಿರ ಬಗ್ಗಿ ಕೇಳಿದ್ದು ನನಗೆ ವೇದಿಕೆಗೇ ಕೇಳಿಸಿತು.

‘ಯಾರ್ನವ್ವಾ ಇವ್ನು ಆಡ್ಕತಿರೋದು?’

ಆರು ವರ್ಷದ ಹುಡುಗಿ. ಅದಕ್ಕೆ ಸುಳ್ಳು ಎಲ್ಲಿ ಬರಬೇಕು? ‘ನಿನ್ನೇ ತಾತ,’ ಎಂದಿತು.

ಅವರಿಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ಹಾಗೆ ಓದಿದವರಿಗೆ ತಾವು ಹಾಗೆ ಓದುತ್ತೇವೆಂದು ಒಬ್ಬರೂ ಮುಖಕ್ಕೆ ಹೇಳಿರಲಿಲ್ಲ. ಅವರು ತಕ್ಷಣ ನಗು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪಕ್ಕದವರಿಗೆ ತಿಳಿದೀತೆಂದೋ ಏನೋ, ಇನ್ನೊಂದಿಷ್ಟು ನಕ್ಕು, ಬಕೆಟ್ಟು ಎತ್ತಿಕೊಂಡು ಅಡಿಗೆಯ ಕಡೆ ಹೋದರು.

ಮುಂದಿನ ಭಾನುವಾರ ಬಸ್ಸಿನಲ್ಲಿ ಪುಸ್ತಕದ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು. ‘ಗಂಟ್ಲು ಸರಿ ಇಲ್ಲ ಕಣ್ಲಾ ರಾಯ. ವಸಿ ದಿನ ನೀನೇ ಓದು,’ ಎಂದರು. ಅದೇ ಗಂಟಲಿನಲ್ಲಿ ದಾರಿಯುದ್ದಕ್ಕೂ ಪಕ್ಕದ ಸೀಟಿನವರ ಜೊತೆ ಸೊಪ್ಪಿನ ಬೀಜದ ಬಗ್ಗೆ ಬಿಡದೆ ಮಾತಾಡಿದರು. ವಾರ ಕಳೆದು ತಿಂಗಳಾಯಿತು. ಬೂದಿ ಬುಧವಾರ ಬಂತು, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಯಿತು, ಗಂಟಲು ಮಾತ್ರ ಸರಿಹೋಗಲಿಲ್ಲ. ಬರುವ ಈಸ್ಟರ್ ಮುಗಿದ ಕೂಡಲೇ ತಮ್ಮನ್ನು ಉಪದೇಶಿ ಕೆಲಸದಿಂದ ಬಿಡಿಸಿಬಿಡಿ ಎಂದು ಅವರು ಸ್ವಾಮಿಗಳಿಗೆ ಹೇಳಿದ್ದಾರೆಂಬ ಸುದ್ದಿ ತೆರೇಸಾ ಟೀಚರಿಂದ ಗೊತ್ತಾಯಿತು. ಹೇಳುವಾಗ ಟೀಚರು ನನ್ನ ಮುಖ ನೋಡಲಿಲ್ಲ.

ನಾನು ಚೆನ್ನಾಗಿಯೇ ಓದುತ್ತಿದ್ದೆ. ರೇಡಿಯೋದ ವಾರ್ತೆಯವರ ದನಿ ನನ್ನಲ್ಲಿ ಮೊದಲೇ ಇತ್ತು, ಅದನ್ನೇ ಹಾಕಿಕೊಂಡೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಯೇಸುಸ್ವಾಮಿ ನಲವತ್ತು ದಿನ ಉಪವಾಸವಿದ್ದು ಸೈತಾನನನ್ನು ಎದುರಿಸಿದ ಪಾಠವನ್ನು, ನಾಳೆ ಒಣಹವೆ ಇರುತ್ತದೆ ಎನ್ನುವಷ್ಟು ಸ್ಪಷ್ಟವಾಗಿ ಓದಿದೆ. ಎರಡನೇ ವಾರ ನಡುಮನೆಯಲ್ಲಿ ಇಬ್ಬರು ತೂಕಡಿಸಿದರು, ಮೂರನೇ ವಾರ ನಾಲ್ವರು. ಬೋರೇಗೌಡರು ಅರ್ಧದಲ್ಲೇ ಎದ್ದು ಹಸುವಿನ ಕಡೆ ಹೋದರು. ಆಮೇಲೆ ನಾನೇ ಹೋಗಿ ಕೇಳಿದೆ, ಯಾಕೆ ಗೌಡ್ರೇ, ಪಾಠ ಚೆನ್ನಾಗಿರಲಿಲ್ಲವೇ ಎಂದು.

‘ಚೆನ್ನಾಗೇ ಓದ್ತೀಯ ಕಣಪ್ಪ,’ ಎಂದರು. ‘ರೇಡಿಯ ಓದ್ದಂಗೆ. ರೇಡಿಯ ನಮ್ಮನೇಲೂ ಅದೆ.’

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಂತು. ಅಂದು ಯೇಸುಸ್ವಾಮಿಯ ಶಿಲುಬೆಯ ಪಾಡಿನ ದೀರ್ಘ ಪಾಠ. ಅದರಲ್ಲಿ ಪೇತ್ರ, ಅಂದರೆ ನನ್ನ ಹೆಸರಿನವನು, ಚಳಿ ಕಾಯಿಸಿಕೊಳ್ಳುತ್ತ ಕೂತು, ತನ್ನ ಗುರುವನ್ನೇ ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳುತ್ತಾನೆ. ಆಗ ಕೋಳಿ ಕೂಗುತ್ತದೆ. ಹಿಂದಿನ ವರ್ಷಗಳಲ್ಲಿ ಆ ಜಾಗ ಬಂದಾಗ ಹಾರ್ಮೋನಿಯಮ್ಮಿನ ಹಿಂದಿನಿಂದ ಸಣ್ಣಗೆ ಒಂದು ಕೂಗು ಬರುತ್ತಿತ್ತು, ಮಕ್ಕಳೆಲ್ಲ ಅದಕ್ಕೆ ಕಾದಿರುತ್ತಿದ್ದರು. ಈ ಸಲವೂ ಲೂಸಿ ಮುಂದೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ತಲೆಯೆತ್ತಿದೆ. ಕೊನೆಯ ಸಾಲಿನಲ್ಲಿ ಇನ್ನಾಸಪ್ಪನವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಅವರ ತುಟಿಗಳು ಆಡುತ್ತಿದ್ದವು. ಪಾಠವೆಲ್ಲ ಅವರಿಗೆ ಬಾಯಿಗೆ ಬರುತ್ತಿತ್ತು. ನಾನು ಕೂಗಲಿಲ್ಲ. ಪೇತ್ರ ಹೊರಗೆ ಹೋಗಿ ಅತ್ತನೆಂಬ ಮುಂದಿನ ಸಾಲು ಓದುವಾಗ ರೇಡಿಯೋ ಸ್ವಲ್ಪ ಗೊರಗೊರ ಎಂದಿತು.

ಮರುದಿನವೇ ಶ್ರೀರಂಗಪಟ್ಟಣಕ್ಕೆ ಹೋಗಿ ಪಾಪನಿವೇದನೆಗೆ ಮಂಡಿಯೂರಿದೆ. ಕೆಮ್ಮದೆ ಎಲ್ಲವನ್ನೂ ಹೇಳಿದೆ. ಜಾಲರಿಯ ಆಚೆ ಸ್ವಾಮಿಗಳು ಮುಖಕ್ಕೆ ಕರವಸ್ತ್ರ ಒತ್ತಿಕೊಂಡರು. ದುಃಖಿಸುತ್ತಿದ್ದಾರೆಂದುಕೊಂಡೆ. ನೋಡಿದರೆ ನಗು ತಡೆಯುತ್ತಿದ್ದರು. ಮೆಲ್ಲಗೆ, ಇನ್ನಾಸಪ್ಪನವರು ಮತ್ತೆ ಯಾವ ಯಾವ ಪದಕ್ಕೆ ಹಾಗೆ ಮಾಡುತ್ತಾರೆ ಎಂದು ಕೇಳಿದರು. ಎಲ್ಲಕ್ಕೂ ಸ್ವಾಮಿ, ಕೊನೆಗೆ ಅಲ್ಲೇಲೂಯಕ್ಕೂ ಸಹ, ಎಂದೆ. ಸ್ತುತಿಯ ಆ ಪದವನ್ನು ನಮ್ಮ ಪುಸ್ತಕದಲ್ಲಿ ‘ಅಲ್ಲೇಲೂಯ’ ಎಂದೇ ಅಚ್ಚು ಮಾಡಿದ್ದಾರೆ. ತಪಸ್ಸು ಕಾಲದ ನಲವತ್ತು ದಿನ ಆ ಪದವನ್ನು ಯಾರೂ ಉಚ್ಚರಿಸುವಂತಿಲ್ಲ, ಈಸ್ಟರಿಗೇ ಅದು ಬಾಯಿಗೆ ಮರಳುವುದು. ನಾನು ಜಾಲರಿಯಲ್ಲೇ ಅದನ್ನು ಅಂದುಬಿಟ್ಟಿದ್ದೆ. ಸ್ವಾಮಿಗಳು ಮೊದಲು ಅದಕ್ಕೆ ಗದರಿದರು. ಆಮೇಲೆ, ಯೇಸುಸ್ವಾಮಿಯ ಜನ ಪ್ರಾರ್ಥನೆಗೆ ಬಳಸುತ್ತಿದ್ದ ಹೀಬ್ರೂ ಭಾಷೆಯಲ್ಲಿ ಆ ಪದ ಶುರುವಾಗುವುದೇ ಹಕಾರದಿಂದ, ನಾವೆಲ್ಲ ಬಿಟ್ಟದ್ದನ್ನು ಇನ್ನಾಸಪ್ಪನವರು ಒಬ್ಬರೇ ಉಳಿಸಿಕೊಂಡಿದ್ದಾರೆ ಎಂದರು. ಪ್ರಾಯಶ್ಚಿತ್ತವೆಂದು ಜಪತಪ ಏನೂ ಕೊಡಲಿಲ್ಲ. ಅವರ ಮನೆಗೆ ಹೋಗಿ ಅವರ ಮುಖ ನೋಡಿ ಹೇಳು ಎಂದರು. ನೂರು ಜಪ ಕೊಟ್ಟಿದ್ದರೆ ಸುಲಭವಿತ್ತು.

ಕರಿಘಟ್ಟ ಎದುರಿಗೇ ಕಾಣುವ ಅವರ ಹಿತ್ತಲಲ್ಲಿ ಇನ್ನಾಸಪ್ಪನವರು ಸೊಪ್ಪು ಕೀಳುತ್ತ ಕೂತಿದ್ದರು. ಅವರನ್ನು ನಾನು ಮಾವ ಎಂದೇ ಕರೆಯುತ್ತಿದ್ದದ್ದು.

‘ಮಾವ, ತಪ್ಪಾಯ್ತು.’

‘ಯಾವ್ದು?’

‘ಪಾಂಡವಪುರದ್ದು.’

‘ಚೆನ್ನಾಗ್ ಮಾಡ್ದೆ. ನಾನೂ ನಕ್ಕಿಲ್ವಾ?’ ಎಂದು ಮತ್ತೆ ಸೊಪ್ಪಿನ ಕಡೆ ತಿರುಗಿದರು.

ಬೈದಿದ್ದರೆ ನಿಭಾಯಿಸುತ್ತಿದ್ದೆ. ದಿಕ್ಕು ತೋಚದೆ ಹೀಬ್ರೂವನ್ನು ಹೊರತೆಗೆದೆ. ಅಲ್ಲೇಲೂಯಕ್ಕೆ ಹಕಾರ ಸೇರಿಸಿ ಅವರು ಹೇಳುತ್ತಿದ್ದದ್ದೇ ಸರಿ, ಪುಸ್ತಕವೇ ತಪ್ಪು, ಸ್ವಾಮಿಗಳೇ ಹೇಳಿದ್ದಾರೆ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೇಳಿಸಿಕೊಂಡರು.

‘ಅಂಗಾರೆ ಮಿಕ್ಕಿದ್ದೆಲ್ಲಾ ತಪ್ಪು ಅಂತ ಏಳಾಕೆ ಬಂದ್ಯಾ?’ ಎಂದರು.

ಬಿ.ಎ. ಎರಡನೇ ಸಲ ಸೋತಿತು. ನಮ್ಮವ್ವನಿಗೆ ಕೊಡೆಂದು ಎರಡು ಕಟ್ಟು ಸೊಪ್ಪು ಕೊಟ್ಟು ಕಳಿಸಿದರು. ಈಸ್ಟರ್ ದಿನ ಸಂತೆಬಾಚಹಳ್ಳಿಗೆ ಜೊತೆಗೆ ಬರುತ್ತೇನೆ, ಎಲ್ಲರಿಗೂ ಹೇಳಿ ಬರಬೇಕಲ್ಲ, ಓದುವುದು ನೀನೇ, ಎಂದರು.

ಈಸ್ಟರ್ ಬೆಳಿಗ್ಗೆ ತೆರೇಸಾ ಟೀಚರ ನಡುಮನೆಗೆ ಸುಣ್ಣ ಬಳಿದಿತ್ತು, ಬಾಗಿಲಿಗೆ ಮಲ್ಲಿಗೆಯ ಹಾರ. ಜನ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ಇನ್ನಾಸಪ್ಪನವರು ಅತಿಥಿಯಂತೆ ಹಿಂದೆ ಕೂತರು. ನಾನು ಪುಸ್ತಕ ತೆರೆದೆ. ಜಗಲಿಯಲ್ಲಿ ಬೋರೇಗೌಡರು ಏಳಲು ಕೈಯೂರಿದ್ದು ಕಾಣಿಸಿತು. ಸಮಾಧಿ ಬರಿದಾಗಿದೆ, ಯೇಸುಸ್ವಾಮಿ ಸಾವಿನಿಂದ ಎದ್ದಿದ್ದಾರೆ ಎಂಬ ಪಾಠ ಮುಂದಿದೆ, ಯಾರ ದನಿಯಲ್ಲಿ ಓದುವುದೆಂದು ಒಳಗೆ ಹುಡುಕಿದೆ. ವಾರ್ತೆಯವರ ದನಿ ಇತ್ತು, ಸ್ವಾಮಿಗಳದ್ದಿತ್ತು, ಪ್ರಿನ್ಸಿಪಾಲರದ್ದೂ ಇತ್ತು. ನನ್ನದು ಎಂಬುದು ಸಿಗಲೇ ಇಲ್ಲ. ಪುಸ್ತಕ ಮುಚ್ಚಿದೆ. ನನಗೆ ಓದಕ್ಕೆ ಬರಲ್ಲ ಎಂದೆ.

ಎಲ್ಲರೂ ಇನ್ನಾಸಪ್ಪನವರ ಕಡೆ ತಿರುಗಿ ನೋಡಿದರು. ಮಾತು ಬಂದದ್ದು ಮಾತ್ರ ಜಗಲಿಯಿಂದ.

‘ಉಪದೇಸಿಗಳೇ, ಆ ಸ್ವಾಮಿ ಎದ್ದವ್ರೋ ಇಲ್ವೋ ನೀವೇ ಏಳ್ಬುಡಿ,’ ಎಂದರು ಬೋರೇಗೌಡರು. ‘ಇವ್ನ ಮಾತು ನಂಬಾಕಾಯ್ತದಾ? ಇವ್ನು ಎಲ್ರ ದನೀಲೂ ಮಾತಾಡ್ತಾನೆ.’

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನಾಸಪ್ಪನವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ಕೊನೆಗೆ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು.

‘ಹಲ್ಲೇಲೂಯ!’

ನಲವತ್ತು ದಿನ ಮುಚ್ಚಿಟ್ಟ ಪದ. ನಡುಮನೆಯವರೆಲ್ಲ ಎದ್ದು ನಿಂತು ಅದೇ ಹಕಾರದಲ್ಲಿ ತಿರುಗಿ ಹೇಳಿದರು. ಜಗಲಿಯಿಂದ ಬೋರೇಗೌಡರೂ ಸೇರಿಕೊಂಡರು, ಆದರೆ ಅವರ ಬಾಯಲ್ಲಿ ಹಕಾರ ನಿಲ್ಲುವುದುಂಟೆ? ಪುಸ್ತಕದಲ್ಲಿ ಅಚ್ಚಾದಂತೆಯೇ ‘ಅಲ್ಲೇಲೂಯ’ ಎಂದವರು ಅಂದು ಅವರೊಬ್ಬರೇ.

ಆಮೇಲೆ ಪಾಠ. ಬೆಳಕು ಹರಿಯುವ ಮೊದಲೇ ಸಮಾಧಿಗೆ ಹೋದ ಶಿಷ್ಯೆ ಮದಲೇನಮ್ಮ ಕಲ್ಲು ಉರುಳಿದ್ದನ್ನು ಕಂಡು ಓಡಿಬಂದು ಹೇಳುತ್ತಾಳೆ. ಆಗ ಪೇತ್ರನೂ ಇನ್ನೊಬ್ಬ ಶಿಷ್ಯನೂ ಸಮಾಧಿಯ ಕಡೆ ಓಡುತ್ತಾರೆ. ‘ಹಿಬ್ಬರೂ ಹೋಡಿದರು,’ ಎಂದರು ಇನ್ನಾಸಪ್ಪನವರು, ‘ಹೊಟ್ಟಿಗೇ ಹೋಡಿದರು. ಹಾದರೆ ಹಿನ್ನೊಬ್ಬನು ಪೇತ್ರನಿಗಿಂತ ಬೇಗ ಹೋಡಿ…’ ಎಷ್ಟೋ ವರ್ಷ ಕೇಳಿದ್ದೆ, ಅಂದೇ ನನಗೆ ಕೇಳಿಸಿದ್ದು. ಅದು ಓಡುವವರ ಏದುಸಿರು. ಹಳ್ಳದಿಣ್ಣೆ ಹಾರಿ, ಪಂಚೆ ಎತ್ತಿ ಕಟ್ಟಿ, ನಂಬಿಕೆ ಇದ್ದೂ ಇಲ್ಲದೆ, ಹ ಹ ಹ ಎಂದು ಮೇಲುಸಿರು ಬಿಡುತ್ತ ಇಬ್ಬರು ಗಂಡಸರು ನಡುಮನೆಯ ನಡುವೆಯೇ ಓಡಿಹೋದಂತಾಯಿತು. ಹಿಂದೆ ಬಿದ್ದವನು ಪೇತ್ರ, ನನ್ನ ಹೆಸರಿನವನು. ಅವನೂ ಕೊನೆಗೆ ತಲುಪಿದ. ಒಬ್ಬರೂ ತೂಕಡಿಸಲಿಲ್ಲ. ಬೋರೇಗೌಡರು ಬಾಯಲ್ಲಿದ್ದ ಎಲೆಯನ್ನು ಜಗಿಯುವುದೇ ಮರೆತು, ‘ತಡಿ, ಮುಂದಕ್ಕೇನಾಯ್ತು?’ ಎಂಬಂತೆ ಕಂಬ ಬಿಟ್ಟು ಮುಂದೆ ಬಾಗಿದ್ದರು.

ಗೌಡರ ಮನೆಯಲ್ಲಿ ಊಟ ಮುಗಿಸಿ ಮಧ್ಯಾಹ್ನ ನಾವಿಬ್ಬರೂ ಬಸ್ಸಿಗೆ ಕಾಯುತ್ತ ಹುಣಸೆಮರದ ಕೆಳಗೆ ನಿಂತಿದ್ದೆವು. ಪುಸ್ತಕದ ಚೀಲ ಅವರ ಹೆಗಲಲ್ಲಿತ್ತು. ಕೆಲಸ ಬಿಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲವಲ್ಲ. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಕೇಳಿಯೇಬಿಟ್ಟೆ: ‘ಮಾವ, ಪುಸ್ತಕ ನನಗೆ ಒಂದು ವಾರ ಕೊಡಿ. ಎಲ್ಲೆಲ್ಲಿ ಹ ಬೇಕು, ಎಲ್ಲೆಲ್ಲಿ ಬ್ಯಾಡ ಅಂತ ಪೆನ್ಸಿಲಲ್ಲಿ ಸಣ್ಣಗೆ ಗುರುತು ಹಾಕಿಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ.’

ಇನ್ನಾಸಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದೂರದಲ್ಲಿ ಬಸ್ಸು ಬರುವ ಧೂಳು ಕಾಣುತ್ತಿತ್ತು.

‘ಲೇ ರಾಯ, ಮನೇಲಿ ಬರಿಮೈಲಿ ಇರ್ತೀನಿ. ದೇವ್ರ ಮುಂದೆ ನಿಂತ್ಕಳಾಕೆ ಅಂಗಿ ಆಕ್ಕಂಡ್ ಬರಾಕಿಲ್ವಾ? ಮಾತ್ಗೂ ಅಂಗೇ ಒಂದು ಅಂಗಿ ಆಕ್ತೀನಿ ಕಣ್ಲಾ. ಒಂದೊಂದ್ ಕಡೆ ತೋಳು ಉದ್ದ ಆಯ್ತದೆ, ನಿನ್ ಕಿವೀಲಿ ವಸಿ ಮಡಿಚ್ಕೊ.’